ನರ್ಸಮ್ಮನ ಮಾತು – 9: ಅಳದೇ ಇರೋ ಮಗು

ಹೋದ ತಿಂಗಳು ಊರಿಂದ ಫೋನು. ನೆಂಟರ ಪೈಕಿ ಹುಡುಗಿ, ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. "ಮಗು ಎಷ್ಟು ಸಾಧು ಗೊತ್ತಾ, ಅಳೋದೇ ಇಲ್ಲ, ಬೆಳಗ್ಗಿಂದ ಹಾಲಿಗೂ ಎದ್ದಿಲ್ಲ" ಅಂದ್ರು ಅವರಮ್ಮ. ಐದು ದಿನದ ಕೂಸು. ಡ್ಯೂಟಿಗೆ ಹೊರಟು ಶೂ ಹಾಕ್ತಿದ್ದವಳು ಅಲ್ಲೇ ಕೂತೆ. ಈಗಲೇ ಆಸ್ಪತ್ರೆಗೆ ಹೊರಡಿ ಅಂದೆ. "ಜ್ವರ ಇಲ್ವಲ್ಲೇ, ಮೈ ತಣ್ಣಗಿದೆ." ಆ 'ತಣ್ಣಗಿದೆ' ಕೇಳೇ ನನಗೆ ಎದೆ ಧಸಕ್ ಅಂದಿದ್ದು.

ರಕ್ತಕ್ಕೆ ಸೋಂಕು ಹತ್ತಿತ್ತು. ಈಗ ಮಗು ಹುಷಾರಾಗಿದೆ. ಯಾರ ಮನೆ ಅಂತ ಕೇಳಬೇಡಿ.

ದೊಡ್ಡವರಿಗೆ ಸೋಂಕಾದ್ರೆ ಮೈ ಸುಡುತ್ತೆ, ನರಳ್ತೀವಿ. ಎಳೆಗೂಸು ಎಷ್ಟೋ ಸಲ ಬರೀ ಸುಮ್ಮನಾಗುತ್ತೆ. ಹಾಲು ಬಿಡುತ್ತೆ, ಎಬ್ಬಿಸಿದ್ರೂ ಏಳಲ್ಲ, ಮೈ ತಣ್ಣಗಾಗುತ್ತೆ. ಕೆಲವಕ್ಕೆ ಜ್ವರ ಬರುತ್ತೆ, ಕೆಲವು ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡ್ತವೆ. ದೃಷ್ಟಿ ತೆಗೆಯೋದು ಬೇಕಾದ್ರೆ ತೆಗೀರಿ, ಆದರೆ ಆಟೋ ಬರೋದ್ರೊಳಗೆ. ದಾರೀಲಿ ಮಗು ಅಮ್ಮನ ಎದೆಗೆ ಅಂಟಿಕೊಂಡು ಬೆಚ್ಚಗಿರಲಿ.

ನಾನಿರೋ ಈ ಇಂಗ್ಲೆಂಡಿನಲ್ಲಿ ಆಂಟಿಬಯೋಟಿಕ್ ಬೇಕು ಅಂತ ತೀರ್ಮಾನವಾದ್ರೆ ಒಂದು ಗಂಟೆಯೊಳಗೆ ಕೊಡಬೇಕು ಅನ್ನೋದು ನಿಯಮ. ಸಾಮಾನ್ಯವಾಗಿ ಬೆಂಜೈಲ್‌ಪೆನಿಸಿಲಿನ್, ಜೆಂಟಾಮೈಸಿನ್. ಎರಡೂ ಹಳೇ ಔಷಧಗಳೇ, ಅದರಲ್ಲೇನೂ ಫಾರಿನ್ ಮಾಯೆ ಇಲ್ಲ. ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಆಮೇಲಿನ ಕೆಲಸ. 36 ಗಂಟೆಗೆ ಮತ್ತೆ ನೋಡ್ತಾರೆ. ರಕ್ತದ ಕಲ್ಚರಿನಲ್ಲಿ ಏನೂ ಬೆಳೆದಿಲ್ಲ, ಸಿಆರ್‌ಪಿ ಸರಿಯಿದೆ, ಮಗುವೂ ಚೆನ್ನಾಗಿದೆ ಅಂದ್ರೆ ನಿಲ್ಲಿಸೋ ಯೋಚನೆ ಮಾಡ್ತಾರೆ. ನಮ್ಮಲ್ಲಿ ಡಾಕ್ಟ್ರು ನಿಲ್ಲಿಸಿದ್ರೆ "ಪೂರ್ತಿ ಕೊಡಲಿಲ್ಲ" ಅಂತ ಜಗಳಕ್ಕೆ ಹೋಗ್ತೀವಿ. ಬೇಡದ ಔಷಧ ಸುರಿದೂ ಸುರಿದೂ ನಮ್ಮ ದೇಶದ ಮಕ್ಕಳ ಐಸಿಯುಗಳಲ್ಲಿ ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾ ಎಷ್ಟೋ ಔಷಧಕ್ಕೆ ಜಗ್ಗದಂತಾಗಿವೆ. ಮೆಡಿಕಲ್ ಶಾಪಿನ ಸಿರಪ್ಪಂತೂ ಎಳೆಗೂಸಿಗೆ ಬೇಡವೇ ಬೇಡ.

ಹೊಕ್ಕುಳಿನ ವಿಷಯಕ್ಕೆ ಅಜ್ಜಿಯಂದಿರು ನನ್ನ ಮೇಲೆ ಸಿಟ್ಟಾಗ್ತಾರೆ, ಆಗಲಿ. ಅರಿಶಿನ, ಎಣ್ಣೆ, ಬೂದಿ, ಪೌಡರು ಯಾವುದೂ ಬೇಡ. ಒಣಗಿರಲಿ, ಶುಚಿಯಾಗಿರಲಿ, ತಾನೇ ಬೀಳುತ್ತೆ. ಡಾಕ್ಟ್ರು ಏನಾದ್ರೂ ಹಚ್ಚಿ ಅಂದ್ರೆ ಅದೊಂದೇ. ಸುತ್ತ ಕೆಂಪಾದ್ರೆ, ಕೀವು ಬಂದ್ರೆ ಅವತ್ತೇ ತೋರಿಸಿ.

ಇನ್ನು ಮಗು ನೋಡೋಕೆ ಬರೋರು. ಬಸ್ಸಿಳಿದು ನೇರ ಬಂದು ಕೆನ್ನೆಗೆ ಮುತ್ತಿಡೋರಿಗೆ ಕೈ ತೊಳೀರಿ ಅನ್ನೋಕೆ ಬಾಣಂತಿಗೆ ಸಂಕೋಚ. ಅವಳ ಬಾಯಲ್ಲಿ ಯಾಕೆ ಹೇಳಿಸ್ತೀರಿ, ಬಾಗಿಲಲ್ಲೇ ಸೋಪು, ನೀರು ಇಟ್ಟು ಮಾವನೋರೇ ಹೇಳಲಿ. ನಾಮಕರಣಕ್ಕೆ ನಾನೂ ಬರ್ತಿದ್ದೀನಿ, ನನಗೂ ಹೇಳಿ.