ಹನ್ನೆರಡು ಹೆಡೆಯ ಹಾವು

ಚಂದ್ರಗುಪ್ತನು ಕಂಡನೆನ್ನಲಾದ ಹದಿನಾರು ಕನಸುಗಳನ್ನು ಭವಿಷ್ಯವಾಣಿಯೆಂದು ನಂಬುವವರೂ ಕಟ್ಟುಕತೆಯೆಂದು ತಳ್ಳಿಹಾಕುವವರೂ ಕೇಳುವ ಪ್ರಶ್ನೆ ಒಂದೇ: ಅವು ನಿಜವೇ? ಅದಕ್ಕಿಂತ ಹೆಚ್ಚು ಫಲಕಾರಿಯಾದ ಪ್ರಶ್ನೆಯೊಂದಿದೆ. ಆ ಕನಸುಗಳಿಗೆ ಅರ್ಥ ಎಲ್ಲಿಂದ ಬಂದಿತು?

ಚಂದ್ರಗಿರಿಯಲ್ಲಿರುವ, ಸುಮಾರು ಕ್ರಿ.ಶ. 600ರ ಸಂಸ್ಕೃತ ಶಾಸನವು ಭದ್ರಬಾಹುಸ್ವಾಮಿಗಳನ್ನು ಅಷ್ಟಾಂಗ ಮಹಾನಿಮಿತ್ತವನ್ನು ಬಲ್ಲವರೆಂದು ಕರೆಯುತ್ತದೆ. ಹನ್ನೆರಡು ವರ್ಷಗಳ ವಿಪತ್ತನ್ನು ಅವರು ಉಜ್ಜಯಿನಿಯಲ್ಲಿ ಮುಂಗಂಡರೆಂದೂ ಸಂಘವು ದಕ್ಷಿಣಾಪಥಕ್ಕೆ ಹೊರಟಿತೆಂದೂ ಹೇಳುತ್ತದೆ. ಆ ಎಂಟು ನಿಮಿತ್ತಗಳಲ್ಲಿ ಸ್ವಪ್ನವೂ ಒಂದು. ಆದರೂ ಶಾಸನದಲ್ಲಿ ಕನಸಿನ ಮಾತಿಲ್ಲ. ಹರಿಷೇಣನ ‘ಬೃಹತ್ಕಥಾಕೋಶ’ದಲ್ಲಿ (931) ತೊಟ್ಟಿಲ ಕೂಸೊಂದು ಹೊರಟುಹೋಗೆಂದು ಆಡಿದ ಮಾತೇ ಬರಗಾಲದ ಸೂಚನೆಯಾಗುತ್ತದೆ. 19ನೆಯ ಶತಮಾನದ ದೇವಚಂದ್ರನ ‘ರಾಜಾವಳಿಕಥೆ’ಯಲ್ಲಿ ಹದಿನಾರು ಕನಸುಗಳ ಸಾಲೇ ಇದೆ, ಕೊನೆಯದು ಹನ್ನೆರಡು ಹೆಡೆಯ ಸರ್ಪ, ಅದರ ಫಲ ಹನ್ನೆರಡು ವರ್ಷಗಳ ಕ್ಷಾಮ. ಹನ್ನೆರಡೆಂಬ ಸಂಖ್ಯೆ ಶಾಸನದಲ್ಲಿಯೇ ಇತ್ತು, ಹಾವು ಇರಲಿಲ್ಲ.

ಕಥನಪರಂಪರೆಯ ಮನಸ್ಸು ತಿಳಿದ ದುರಂತದಿಂದ ಹಿಮ್ಮುಖವಾಗಿ ನಡೆದು ಅದಕ್ಕೊಂದು ಚಿಹ್ನೆಯನ್ನು ಕಂಡುಕೊಂಡಿದೆ ಎಂಬುದು ನನ್ನ ಅಭಿಪ್ರಾಯ. ಇದನ್ನು ವಂಚನೆಯೆನ್ನಲಾರೆ. ಏಕಾಏಕಿ ಬಂದೆರಗಿದ ಕ್ಷಾಮಕ್ಕಿಂತ ಮೊದಲೇ ಸೂಚಿತವಾಗಿದ್ದ ಕ್ಷಾಮವನ್ನು ನೆನಪಿನಲ್ಲಿಟ್ಟುಕೊಂಡು ಬಾಳುವುದು ಒಂದು ಸಮುದಾಯಕ್ಕೆ ಸುಲಭ.

ಸಿಂಹಾಸನವೇರಿದ ಕೋತಿಯ ಕನಸಿನ ಸ್ವಭಾವ ಬೇರೆ. ಅದರಲ್ಲಿ ಪ್ರತಿ ತಲೆಮಾರೂ ತನ್ನ ಕಾಲದ ಅರಸನನ್ನು ಕಾಣುತ್ತದೆ. (ತರಗತಿಯಲ್ಲಿ ಈ ಭಾಗ ಬಂದಾಗ ವಿದ್ಯಾರ್ಥಿಗಳು ಯಾರನ್ನು ನೆನೆದು ನಗುತ್ತಾರೆಂಬುದನ್ನು ಇಲ್ಲಿ ಬರೆಯುವಂತಿಲ್ಲ.) ಹಾವು ಒಂದೇ ಘಟನೆಗೆ ಬಿಗಿಯಾಗಿ ಹೊಂದಿಕೊಂಡು ಅಲ್ಲಿಗೇ ಮುಗಿಯಿತು, ಕೋತಿ ಸಡಿಲವಾಗಿರುವುದರಿಂದಲೇ ಇಂದಿಗೂ ಜೀವಂತವಾಗಿದೆ. ಆ ಸಡಿಲತೆಯನ್ನು ದಿವ್ಯದೃಷ್ಟಿಯೆಂದು ಭ್ರಮಿಸುವುದು ನಮ್ಮ ಮನಸ್ಸಿನ ಹಳೆಯ ಅಭ್ಯಾಸ.

ಗ್ರಂಥವು ಕೊಡುವ ಫಲವಾದರೋ ಅಷ್ಟು ಸಡಿಲವಲ್ಲ: ಕೀಳುಕುಲದವರು ರಾಜ್ಯವಾಳುವರು. ಕತ್ತೆಯೇರಿದ ಕ್ಷತ್ರಿಯಕುಮಾರರ ಕನಸೂ ಇದೇ ಜಾಡಿನದು. ಇಲ್ಲಿ ಕೇಳಿಬರುವುದು ಫಲ ಹೇಳಿದವನ ಭಯ. ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಕೋಷ್ಠವನ್ನಿತ್ತ ಪರಂಪರೆಯೊಳಗೆ ಈ ಕುಲಭಯ ಹೇಗೆ ನುಸುಳಿತೆಂಬುದು ವಿಚಾರಾರ್ಹ. ಅದನ್ನು ಮರೆಮಾಚಿ ಕನಸುಗಳನ್ನು ಸಾರ್ವಕಾಲಿಕವೆಂದು ಕೊಂಡಾಡುವ ವ್ಯಾಖ್ಯಾನಗಳನ್ನು ನಾನು ಒಪ್ಪುವುದಿಲ್ಲ. ಭದ್ರಬಾಹುಕಥೆಯ ಪಾಠಗಳನ್ನು ಹೋಲಿಸುವ ಸಂಶೋಧಕರು ಕನಸುಗಳ ಸಂಖ್ಯೆಯನ್ನು ಎಣಿಸುವುದರ ಜೊತೆಗೆ, ಒಂದೇ ಕನಸಿಗೆ ಯಾವ ಕಾಲದಲ್ಲಿ ಯಾವ ಫಲ ಹೇಳಲಾಯಿತೆಂಬುದನ್ನೂ ಸಾಲುಸಾಲಾಗಿ ಇಟ್ಟು ನೋಡಬೇಕಾಗಿದೆ.