ಹಬ್ಬದ ತರಕಾರಿ ಲಾರಿಯಲ್ಲಿ ಬರಬೇಕೆ?



ಕಳೆದ ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಊಟಕ್ಕೆ ನಾವು ಯುವಕ ಯುವತಿಯರು ಪೇಟೆಯಿಂದ ಏಳು ಬಗೆಯ ತರಕಾರಿ ತಂದೆವು. ಬೆಂಡೆ, ಅಲಸಂಡೆ, ಹೀರೆ, ಹಾಗಲ, ತೊಂಡೆ, ಕುಂಬಳ, ಕೊನೆಗೆ ಹರಿವೆ ಸೊಪ್ಪು ಕೂಡ. ಹರಿವೆ! ಕಾಸರಗೋಡಿನ ಮಣ್ಣಿನಲ್ಲಿ ಸುಮ್ಮನೆ ಎಸೆದರೂ ಹುಟ್ಟುವ ಹರಿವೆಗೆ ದುಡ್ಡು ಕೊಟ್ಟೆವು. ಫಾದರ್ ಹೊಸ ತೆನೆಯನ್ನು ಆಶೀರ್ವದಿಸಿದರು. ಮಕ್ಕಳು ಮರಿಯಮ್ಮನವರಿಗೆ ಹೂ ಹಾಕಿದರು, ಆ ಹೂವೂ ಅರ್ಧ ಮಾರ್ಕೆಟಿನದೇ. ಬಡಿಸುವಾಗ ಒಬ್ಬ ಅಜ್ಜಿ ಕೇಳಿದರು: "ಇದರಲ್ಲಿ ನಿಮ್ಮ ಮನೆಯದ್ದು ಯಾವುದು ಮಕ್ಕಳೇ?" ನಮ್ಮಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಮೊಂತಿ ಹಬ್ಬ ಹೊಸ ಬೆಳೆಯ ಹಬ್ಬ. ಆ ದಿನ ಮೀನು ಮಾಂಸ ಬಿಟ್ಟು, ಐದೋ ಏಳೋ ಒಂಬತ್ತೋ ಬಗೆಯ ತರಕಾರಿ ಮಾಡುವುದು ಯಾಕೆ? ಆ ಹೊತ್ತಿಗೆ ಹಿತ್ತಲು ತುಂಬಿರುತ್ತಿತ್ತು, ಅದಕ್ಕೆ. ಹಿತ್ತಲಿನಲ್ಲಿ ಒಂದು ಬಳ್ಳಿಯೂ ಇಲ್ಲದೆ ತಟ್ಟೆಯಲ್ಲಿ ಮಾತ್ರ ಏಳು ಬಗೆ ಇಟ್ಟುಕೊಂಡರೆ ಅದು ಅರ್ಧ ನಾಟಕ ಎಂದೇ ನಾವು ಹೇಳುತ್ತೇವೆ. ಕೋಪ ಬಂದರೆ ಬರಲಿ. ನಾಟಕ ಆಡಿದವರಲ್ಲಿ ನಾವೇ ಮೊದಲಿಗರು.

ಬೇರೆ ಊರಿನವರು ಹೀಗೆ ಮಾಡಿದರೆ ಸುಮ್ಮನಿರಬಹುದಿತ್ತು. ನಾವು ಕಾಸರಗೋಡಿನವರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಇಲ್ಲೇ. ಪಡ್ರೆ, ಎಣ್ಮಕಜೆಯ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಆ ಸಂಕಟದಿಂದ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಅಷ್ಟನ್ನು ಕಂಡ ಜಿಲ್ಲೆಯವರು ಎಲ್ಲಿ ಬೆಳೆದದ್ದು, ಏನು ಸಿಂಪಡಿಸಿದ್ದು ಎಂದು ಒಂದು ಮಾತೂ ಕೇಳದೆ ಚೀಲ ತುಂಬಿಸಿಕೊಂಡು ಬರುತ್ತೇವಲ್ಲ!

"ಸಮಯ ಎಲ್ಲಿದೆ?" ಎನ್ನುತ್ತಾರೆ. ಜೂನ್ 1ರಿಂದ ಸೆಪ್ಟೆಂಬರ್ 8ಕ್ಕೆ 99 ದಿನ. ಬೆಂಡೆ ಬಿತ್ತಿದರೆ 45-50 ದಿನಕ್ಕೆ ಕೊಯ್ಲು, ಮುಳ್ಳುಸೌತೆಯೂ ಅಷ್ಟೇ, ಅಲಸಂಡೆ, ಹೀರೆಗೆ ಸ್ವಲ್ಪ ಹೆಚ್ಚು. ಮೊದಲ ಮಳೆ ಬಿದ್ದಾಗ ಹಟ್ಟಿಗೊಬ್ಬರ, ಸುಡುಮಣ್ಣು ಹಾಕಿ ಏರಿ ಮಾಡಿ ಒಂದು ಸಲ ಬಿತ್ತಿ. ಜುಲೈ ನಡುವಿನಲ್ಲಿ ಬೆಂಡೆ, ಅಲಸಂಡೆ ಇನ್ನೊಂದು ಸಲ ಬಿತ್ತಿ. ಹಬ್ಬದ ದಿನಕ್ಕೆ ಎಳೆ ಕಾಯಿ ಸಿಗುವುದು ಈ ಎರಡನೇ ಬಿತ್ತನೆಯಿಂದ. ಆಟಿಯ ಮಳೆಗೆ ಬೀಜ ಕೊಳೆಯುತ್ತದೆ ಎಂದಾದರೆ ಸೂರಿನಡಿ ತೆಂಗಿನ ಗೆರಟೆಯಲ್ಲಿ ಮೊಳಕೆ ಬರಿಸಿ, ನಾಲ್ಕು ಎಲೆ ಬಂದ ಮೇಲೆ ನೆಟ್ಟರಾಯಿತು. ದಿನಕ್ಕೆ ಕಾಲು ಗಂಟೆ ಸಾಕು. ನಾವು ಫೋನಿನಲ್ಲಿ ರೀಲ್ಸ್ ನೋಡುವುದು ಅದಕ್ಕಿಂತ ಹೆಚ್ಚು.

ಹಾಗಲ, ಹೀರೆಗೆ ಹಣ್ಣುನೊಣದ ಕಾಟ ನಿಜ. ಕಾಯಿ ಬೆರಳಿನಷ್ಟಾದಾಗಲೇ ಕಾಗದದ ಚೀಲ ಕಟ್ಟಿ. ಹುಳ ಬಿದ್ದದ್ದನ್ನು ಬುಡದಲ್ಲೇ ಬಿಸಾಡಬೇಡಿ. ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಬರುತ್ತದೆ. ಕೊಳೆತ ಮಾವಿನಹಣ್ಣಿಗೂ ಇದೇ ಮಾತು, ಹೆಕ್ಕಿ ಕುದಿನೀರಿಗೆ ಹಾಕಿ. ಮಂಗ, ಹಂದಿಗೆ ಮಾತ್ರ ನಮ್ಮಲ್ಲಿ ಮದ್ದಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಪೇಟೆಯ ಹತ್ತಿರ ಮಂಗವೇ ಬಾರದ ಮನೆಗಳಲ್ಲೂ ಹಿತ್ತಲು ಖಾಲಿ ಇದೆಯಲ್ಲ?

ನೆರೆಯವರನ್ನು ನೋಡಿ. ಓಣಂಗೆ ಒಂದು ಮೊರ ತರಕಾರಿ ಎಂದು ಕೃಷಿ ಭವನದಿಂದ ಬೀಜ, ಸಸಿ ಒಯ್ಯುತ್ತಾರೆ. ಓಣಂಗೂ ಮೊಂತಿ ಹಬ್ಬಕ್ಕೂ ಹೆಚ್ಚು ದಿನಗಳ ಅಂತರವಿಲ್ಲ. ಅದೇ ಬೀಜ ನಮಗೂ ಸಿಗುತ್ತದೆ. ಪೊಟ್ಟಣದ ಮೇಲಿನ ಮಲಯಾಳ ಓದಲು ಬಾರದ ಹಿರಿಯರಿಗೆ ಓದಿ ಹೇಳಲು ಶಾಲೆಯಲ್ಲಿ ಕಲಿತ ನಾವಿದ್ದೇವೆ.

ಇನ್ನು ಮರಗಳ ವಿಷಯ. ಇದು ನಮಗೆ ಹೆಚ್ಚು ನೋವಿನದು. ಚರ್ಚಿನ ಅಂಗಳಕ್ಕೆ ಇಂಟರ್‌ಲಾಕ್ ಹಾಕುವಾಗ ಬದಿಯಲ್ಲಿದ್ದ ಕಾಟುಮಾವನ್ನು ಕಡಿಸಿದರು. ಸಭೆಯಲ್ಲಿ ನಾವೂ ಇದ್ದೆವು, ಕೈ ಎತ್ತಿದವರಲ್ಲಿ ನಮ್ಮವರೂ ಇದ್ದರು. ಎಲೆ ಬೀಳುತ್ತದೆ, ಗುಡಿಸಲು ಜನವಿಲ್ಲ ಎಂಬುದು ಕಾರಣ. ಅದೇ ವರ್ಷ ಜೂನ್ 5ಕ್ಕೆ ಪರಿಸರ ದಿನ ಎಂದು ಫ್ಲೆಕ್ಸ್ ಕಟ್ಟಿ ಸಸಿ ನೆಟ್ಟೆವು, ಫೋಟೋ ತೆಗೆದೆವು. ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದ ಲೌದಾತೊ ಸಿ ಬಗ್ಗೆ ಭಾಷಣವೂ ಆಯಿತು. ಆ ಸಸಿ ಮಾರ್ಚಿನ ಬಿಸಿಲಿಗೆ ಒಣಗಿತು. ನೀರು ಹಾಕುವುದು ಯಾರ ಕೆಲಸ ಎಂದು ಸಭೆಯಲ್ಲಿ ಯಾರೂ ಕೇಳಿರಲಿಲ್ಲ.

ಮನೆಗಳಲ್ಲೂ ಇದೇ ಕತೆ. 2018ರಲ್ಲಿ ಹಲಸು ಕೇರಳದ ರಾಜ್ಯಹಣ್ಣಾಯಿತು. ನಮ್ಮ ಅಂಗಳದಲ್ಲಿ ಅದು ನೊಣ ಬರಿಸುವ ಕಸ. ಗುಜ್ಜೆ ಇರುವಾಗ ಪಲ್ಯ, ಬಲಿತಾಗ ಹಪ್ಪಳ, ಮಳೆಗಾಲಕ್ಕೆ ಉಪ್ಪುಸೊಳೆ, ಬೀಜದ ಸಾಂತಾಣಿ ಎಂದು ಒಂದೇ ಮರದಿಂದ ಅಮ್ಮಂದಿರು ಅರ್ಧ ವರ್ಷ ಮನೆ ನಡೆಸಿದ್ದಾರೆ. "ಮರ ಎತ್ತರ, ಹತ್ತುವವರಿಲ್ಲ" ಎನ್ನುವವರಿಗೆ ಒಂದು ಮಾತು. ಹಲಸು ಕಾಯಿ ಬಿಡುವುದು ಕಾಂಡ ಮತ್ತು ದಪ್ಪ ಕೊಂಬೆಗಳಲ್ಲಿ. ಎಳೆಯ ಮರದ ತುದಿ ಸವರಿ ತಗ್ಗಿಸಿ ಬೆಳೆಸಿದರೆ ಫಲ ಕೈಗೆಟಕುತ್ತದೆ. ಸವರಿದ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಒಂದು ಲೀಟರ್ ನೀರಿಗೆ ನೂರು ಗ್ರಾಂ ಮೈಲುತುತ್ತು, ನೂರು ಗ್ರಾಂ ಸುಣ್ಣ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಊರಿನವರಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ. ಇನ್ನು ಗೊಬ್ಬರವನ್ನು ಬುಡಕ್ಕೆ ಒತ್ತಿ ಸುರಿಯಬೇಡಿ. ನೀರು ಗೊಬ್ಬರ ಎಳೆಯುವ ಎಳೆಬೇರುಗಳು ಕೊಂಬೆಗಳ ನೆರಳಿನ ಅಂಚಿನವರೆಗೂ ಹರಡಿರುತ್ತವೆ. ಬುಡದವರೆಗೆ ಇಂಟರ್‌ಲಾಕ್ ಹಾಸಿದರೆ ಆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಮತ್ತೆ "ಮರ ಕಾಯಿ ಬಿಡುತ್ತಿಲ್ಲ, ಕಡಿಯೋಣ" ಎನ್ನುತ್ತೀರಿ.

ಈ ಸಲ ಹಬ್ಬದ ಊಟಕ್ಕೆ ಪೇಟೆಯ ತರಕಾರಿ ತರಬಾರದೆಂದು ನಾವು ಹೋದ ವಾರ ತೀರ್ಮಾನಿಸಿದ್ದೇವೆ. ಏಳು ಬಗೆ ಆಗದಿದ್ದರೆ ಐದು, ಐದೂ ಆಗದಿದ್ದರೆ ಮೂರು. ಈ ತಿಂಗಳ ಕೊನೆಯ ಭಾನುವಾರ ಬಲಿಪೂಜೆಯ ನಂತರ ಹಾಲ್‌ನಲ್ಲಿ ಬೀಜ ಹಂಚುತ್ತೇವೆ. ಮನೆಯಲ್ಲಿ ಬೂದಿ ಬೆರೆಸಿ ಇಟ್ಟ ಹಳೆಯ ಬೀಜವಿದ್ದರೆ ದಯವಿಟ್ಟು ತನ್ನಿ, ಮುಖ್ಯವಾಗಿ ಊರ ಹೀರೆ ಮತ್ತು ಕೆಂಪು ಹರಿವೆ. ಮರ ಕಡಿಸಲು ಹೊರಟವರು ಕೊಡಲಿಯವರಿಗೆ ಹೇಳುವ ಮೊದಲು ನಮಗೊಂದು ಫೋನ್ ಮಾಡಿ. ಕೊಂಬೆ ಸವರಲು, ಎಲೆ ಗುಡಿಸಲು, ಹಲಸು ಕೊಯ್ಯಲು ನಾವು ಬರುತ್ತೇವೆ. ಕೂಲಿ ಬೇಡ, ನಾಲ್ಕು ಸೊಳೆ ಕೊಟ್ಟರೆ ಸಾಕು.