ಕೀನ್ಯಾದ 2030: ಕನಸು ಯಾರದು, ಸಾಲ ಯಾರದು?

2008ರ ಜೂನ್‌ನಲ್ಲಿ ಕೀನ್ಯಾದ ಅಧ್ಯಕ್ಷ ಮ್ವಾಯ್ ಕಿಬಾಕಿ ‘ವಿಷನ್ 2030’ ಬಿಡುಗಡೆ ಮಾಡಿದಾಗ, ಚುನಾವಣಾ ಗಲಭೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತು ಇನ್ನೂ ಅರ್ಧ ವರ್ಷ ಕಳೆದಿತ್ತಷ್ಟೆ. ಗಾಯಗೊಂಡ ದೇಶಕ್ಕೆ ಒಂದು ಭರವಸೆ ಬೇಕಿತ್ತು, ಸಿಕ್ಕಿತು. ವರ್ಷಕ್ಕೆ ಶೇ 10ರ ಬೆಳವಣಿಗೆ, 2030ರ ಹೊತ್ತಿಗೆ ಮಧ್ಯಮ ಆದಾಯದ ಕೈಗಾರಿಕಾ ದೇಶ.

ಶೇ 10 ಬರಲೇ ಇಲ್ಲ. ಸರಾಸರಿ ಐದರ ಆಸುಪಾಸಿನಲ್ಲೇ ಉಳಿಯಿತು. ಮಧ್ಯಮ ಆದಾಯ ಮಾತ್ರ ಬಂತು, ಅದೂ 2014ರಲ್ಲೇ! ಲೆಕ್ಕದ ಮೂಲವರ್ಷ ಬದಲಿಸಿದಾಗ ಜಿಡಿಪಿ ಒಂದೇ ಏಟಿಗೆ ಶೇ 25ರಷ್ಟು ಹಿಗ್ಗಿತು, ದೇಶ ಕೆಳ ಮಧ್ಯಮ ವರ್ಗಕ್ಕೆ ಏರಿತು. ಲೆಕ್ಕ ಸರಿಪಡಿಸಿದ್ದು ತಪ್ಪಲ್ಲ. ಆದರೆ ಆ ರಾತ್ರಿ ಯಾರ ಮನೆಯ ಒಲೆಯ ಮೇಲೂ ಹೆಚ್ಚು ಹಿಟ್ಟು ಬೇಯಲಿಲ್ಲ.

ಯೋಜನೆಯ ನಿಜ ಸ್ವರೂಪ ನೋಡಬೇಕಾದರೆ ರೈಲನ್ನೇ ನೋಡಬೇಕು. ಮೊಂಬಾಸಾದಿಂದ ನೈರೋಬಿಗೆ ಹೊಸ ಹಳಿ, ಬಹುಪಾಲು ಚೀನಾದ ಎಕ್ಸಿಮ್ ಬ್ಯಾಂಕಿನ ಸಾಲದಿಂದ. 2017ರಲ್ಲಿ ಓಡಿತು. ಉಗಾಂಡಾ ಗಡಿ ಮುಟ್ಟಬೇಕಿದ್ದ ಹಳಿ 2019ರಲ್ಲಿ ನೈವಾಶಾ ಬಳಿ ನಿಂತು, ವರ್ಷಗಟ್ಟಲೆ ಅಲ್ಲೇ ಉಳಿಯಿತು. ಸರಕು ಸಾಲದ್ದಕ್ಕೆ ಸರ್ಕಾರ ಆಮದುದಾರರಿಗೆ ಕಂಟೇನರುಗಳನ್ನು ರೈಲಿನಲ್ಲೇ ಸಾಗಿಸಿ ಎಂದು ಕಟ್ಟಪ್ಪಣೆ ಮಾಡಿತು. ಮೊಂಬಾಸಾದ ಲಾರಿಯವರು, ಗೋದಾಮಿನವರು ಬೀದಿಗಿಳಿದರು. ಆ ಅಪ್ಪಣೆ ಹೋದದ್ದು 2022ರಲ್ಲಿ, ವಿಲಿಯಂ ರುಟೊ ಅಧಿಕಾರಕ್ಕೆ ಬಂದ ಮೇಲೆ. ಅದಕ್ಕೂ ಮೊದಲು, 2020ರಲ್ಲಿ, ಮೇಲ್ಮನವಿ ನ್ಯಾಯಾಲಯ ಈ ಗುತ್ತಿಗೆಯಲ್ಲಿ ಖರೀದಿ ಕಾನೂನು ಮುರಿದಿದೆ ಎಂದಿತ್ತು. ಅಷ್ಟರಲ್ಲಿ ರೈಲು ಓಡತೊಡಗಿ ಮೂರು ವರ್ಷವಾಗಿತ್ತು. ಸಾಲದ ಕಾಗದಗಳ ಒಂದು ಭಾಗ ಜನರ ಕಣ್ಣಿಗೆ ಬಿದ್ದದ್ದು ಇನ್ನೂ ಎರಡು ವರ್ಷದ ನಂತರ. ಮನೆ ಒತ್ತೆಯಿಟ್ಟು, ಪತ್ರವನ್ನು ಮನೆಯವರಿಗೇ ತೋರಿಸದ ಯಜಮಾನನನ್ನು ದೂರದೃಷ್ಟಿಯವನು ಎನ್ನುವುದುಂಟೇ?

ಸಮರ್ಥಕರು ಹೇಳುವುದರಲ್ಲಿ ಹುರುಳಿಲ್ಲವೆಂದಲ್ಲ. ವಿದ್ಯುತ್ ಎಷ್ಟೋ ಹೆಚ್ಚು ಮನೆಗಳಿಗೆ ತಲುಪಿದೆ, ಒಲ್ಕಾರಿಯಾದ ಭೂಶಾಖದ ಸ್ಥಾವರಗಳು ಆಫ್ರಿಕಾಕ್ಕೇ ಮಾದರಿ. ಸರಿ. ಆದರೆ ಇಷ್ಟನ್ನು ತೋರಿಸಿ ಉಳಿದದ್ದರ ಲೆಕ್ಕ ಕೇಳಬೇಡಿ ಎನ್ನುವುದು ವಾದವಲ್ಲ, ಜಾರಿಕೆ.

ಲೆಕ್ಕ ಕೇಳಿದವರು ಯಾರು? 2008ರಲ್ಲಿ ಎಂಟು ವರ್ಷದ ಮಗುವಾಗಿದ್ದವರಿಗೆ 2024ರಲ್ಲಿ ಇಪ್ಪತ್ತನಾಲ್ಕು. ಯಾರ ಹೆಸರಿನಲ್ಲಿ ಯೋಜನೆ ಬರೆದರೋ ಅದೇ ಪೀಳಿಗೆ. ಸಾಲದ ಒತ್ತಡದಲ್ಲಿದ್ದ ಸರ್ಕಾರ ಆ ವರ್ಷದ ಹಣಕಾಸು ಮಸೂದೆಯಲ್ಲಿ ಬ್ರೆಡ್ಡಿಗೂ ಶೇ 16ರ ತೆರಿಗೆ ಹಾಕಲು ಹೊರಟಿತ್ತು. ಆಕ್ರೋಶಕ್ಕೆ ಹೆದರಿ ಬ್ರೆಡ್ಡನ್ನು ಬಿಟ್ಟಿತು, ಮಸೂದೆಯನ್ನು ಬಿಡಲಿಲ್ಲ. ಜೂನ್ 25ರಂದು ಯುವಕರು ಸಂಸತ್ತಿಗೆ ನುಗ್ಗಿದರು, ಪೊಲೀಸರು ಗುಂಡು ಹಾರಿಸಿದರು. ಮರುದಿನ ರುಟೊ ಸಹಿ ಹಾಕುವುದಿಲ್ಲ ಎಂದರು. ಜುಲೈ 1ರ ಹೊತ್ತಿಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಎಣಿಸಿದ ಹೆಣ 39.

2030 ಮುಗಿದರೆ ಇನ್ನೊಂದು ಇಸವಿ ಹೊತ್ತ ಇನ್ನೊಂದು ಯೋಜನೆ ಬಂದೇ ಬರುತ್ತದೆ. ಅದರ ಮೊದಲ ಪುಟದಲ್ಲಿ ಆ ಶೇ 10 ಎಲ್ಲಿ ಹೋಯಿತೆಂದು ಬರೆಯಲಿ. ಸಾಲದ ಪ್ರತಿ ಕರಾರನ್ನೂ ಸಹಿ ಬಿದ್ದ ದಿನವೇ ಸ್ವಾಹಿಲಿಯಲ್ಲಿ ಅಚ್ಚು ಹಾಕಿಸಿ ಮೊಂಬಾಸಾದ ಲಾರಿ ಚಾಲಕನ ಕೈಗೂ ಕೊಡಲಿ.